ಮಲಯನ್ ಬಾಕ್ಸ್ ಆಮೆ ಸಪ್ಪಗಾದಾಗ: ಎಲ್ಲಿಂದ ಹುಡುಕಬೇಕು, ಎಲ್ಲಿ ನಿಲ್ಲಿಸಬೇಕು

ಸಿಂಗಪುರದಲ್ಲಿ ಮನೆಯಲ್ಲಿ ಸಾಕಲು ಕಾನೂನು ಒಪ್ಪುವ ಆಮೆಗಳು ಎರಡೇ ಜಾತಿಯವು. ಒಂದು ಅಮೆರಿಕ ಮೂಲದ ರೆಡ್ ಇಯರ್ಡ್ ಸ್ಲೈಡರ್, ಇನ್ನೊಂದು ಆ ಸೀಮೆಯದೇ ಆದ ಮಲಯನ್ ಬಾಕ್ಸ್ ಆಮೆ. ಕಪ್ಪು ಮುಖ, ಅದರ ಮೇಲೆ ಹಳದಿ ಗೆರೆಗಳು, ಎತ್ತರಕ್ಕೆ ಉಬ್ಬಿದ ಬೆನ್ನುಚಿಪ್ಪು. ಕೆಳಚಿಪ್ಪಿನ ನಡುವೆ ಕೀಲು ಇರುವುದರಿಂದ ಹೆದರಿದರೆ ಮುಂದಿನ ಕದ, ಹಿಂದಿನ ಕದ ಎರಡನ್ನೂ ಎಳೆದುಕೊಂಡು ಒಳಗೆ ಸೇರಿಬಿಡುತ್ತದೆ. ಬೆಳೆದರೆ ಚಿಪ್ಪು ಸುಮಾರು 20 ಸೆಂಟಿಮೀಟರ್. ಸರಿಯಾಗಿ ನೋಡಿಕೊಂಡರೆ 25-30 ವರ್ಷ ಬದುಕುತ್ತದೆ. ಅಂದರೆ ಪ್ರೈಮರಿ ಸ್ಕೂಲಿನ ಮಗಳ ಹಟಕ್ಕೆ ಮಣಿದು ತಂದದ್ದು, ಅವಳ ಮದುವೆಯ ಹೊತ್ತಿಗೂ ನಿಮ್ಮ ಮನೆಯಲ್ಲೇ ಇರುತ್ತದೆ.

ಅಂಗಡಿಯವರು ಎರಡೂ ಜಾತಿಗೆ ಒಂದೇ ಬಗೆಯ ಪ್ಲಾಸ್ಟಿಕ್ ತೊಟ್ಟಿ, ಒಂದೇ ಒಣಸೀಗಡಿ ಡಬ್ಬಿ ಕೊಟ್ಟು ಕಳಿಸುತ್ತಾರೆ. ತೊಂದರೆ ಶುರುವಾಗುವುದೇ ಅಲ್ಲಿ. ಸ್ಲೈಡರ್ ಈಜುಗಾರ. ಮಲಯನ್ ಬಾಕ್ಸ್ ಆಮೆ ಭತ್ತದ ಗದ್ದೆ, ಜೌಗು, ನಿಂತ ನೀರಿನ ಕುಂಟೆಗಳ ಪ್ರಾಣಿ. ಮರಿಯಿದ್ದಾಗ ಹೆಚ್ಚು ಹೊತ್ತು ನೀರಿನಲ್ಲೇ ಇರುತ್ತದೆ, ದೊಡ್ಡದಾದ ಮೇಲೆ ನೆಲದ ಮೇಲೂ ಓಡಾಡಬೇಕು. ಸೊಪ್ಪು, ಹಣ್ಣು, ಹುಳ, ಬಸವನಹುಳು ಎಲ್ಲವನ್ನೂ ತಿನ್ನುತ್ತದೆ. ಈ ವ್ಯತ್ಯಾಸ ಗೊತ್ತಿಲ್ಲದೆ ಸಾಕಿದ್ದರಿಂದಲೇ ಬರುವ ಕಾಯಿಲೆಗಳು ಹೆಚ್ಚು. ಹಾಗಾಗಿ ಇಲ್ಲಿ ಕ್ರಮ ಹೀಗಿದೆ: ಮೊದಲು ತೊಟ್ಟಿ, ಆಮೇಲೆ ಆಮೆ. ಔಷಧಿಯ ಸರದಿ ಕೊನೆಯದು, ಅದೂ ವೈದ್ಯರ ಕೈಯಲ್ಲಿ.

## ಮುಂದೆ ಓದದೆ ವೈದ್ಯರಿಗೆ ಫೋನ್ ಮಾಡಬೇಕಾದ ಲಕ್ಷಣಗಳು

ಬಾಯಿ ತೆರೆದು, ಕತ್ತು ಚಾಚಿ ಉಸಿರೆಳೆಯುತ್ತಿದ್ದರೆ. ಚಿಪ್ಪು ಒಡೆದು ರಕ್ತ ಬರುತ್ತಿದ್ದರೆ. ಹಿಂಬದಿಯಿಂದ ಮಾಂಸದ ಹಾಗೆ ಏನೋ ಹೊರಬಂದು ಒಳಗೆ ಹೋಗದೇ ಇದ್ದರೆ. ಕೆಳಚಿಪ್ಪಿನ ಹಲಗೆಗಳ ಅಡಿಯಲ್ಲಿ ಗುಲಾಬಿ ಅಥವಾ ಕೆಂಪು ಬಣ್ಣ ಹರಡಿದ್ದರೆ. ಇದು ರಕ್ತಕ್ಕೆ ಸೋಂಕು ತಗಲಿದ ಗುರುತಿರಬಹುದು. ಎತ್ತಿಕೊಂಡರೂ ಕೈಕಾಲು ಜೋತಾಡುತ್ತಿದ್ದರೆ, ಮುಟ್ಟಿದರೂ ಒಳಗೆ ಎಳೆದುಕೊಳ್ಳದೇ ಇದ್ದರೆ.

ಕೊನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಈ ಜಾತಿಯಲ್ಲಿ ಕದ ಮುಚ್ಚುವುದೇ ಒಂದು ಪರೀಕ್ಷೆ. ಗಟ್ಟಿಮುಟ್ಟಾದ ಆಮೆ ಹೊಸಬರು ಎತ್ತಿದ ತಕ್ಷಣ ಉಸ್ ಎಂದು ಗಾಳಿ ಬಿಟ್ಟು ಪೂರ್ತಿ ಮುಚ್ಚಿಕೊಳ್ಳುತ್ತದೆ. ಆ ಉಸ್ ಸದ್ದು ಕಾಯಿಲೆಯಲ್ಲ. ತಲೆ ಒಳಗೆ ಹೋಗಬೇಕಾದರೆ ಶ್ವಾಸಕೋಶದ ಗಾಳಿ ಹೊರಗೆ ಬರಲೇಬೇಕು. ನಿಮಗೆ ಒಗ್ಗಿಕೊಂಡ ಆಮೆ ಮುಚ್ಚಿಕೊಳ್ಳದೇ ಇರಬಹುದು, ಆದರೆ ಅದು ನಾಲ್ಕೂ ಕಾಲಿನಲ್ಲಿ ನಿಮ್ಮ ಕೈಯನ್ನು ತಳ್ಳುತ್ತದೆ. ಮುಚ್ಚಿಕೊಳ್ಳುವುದೂ ಇಲ್ಲ, ತಳ್ಳುವುದೂ ಇಲ್ಲ ಎಂದರೆ ಮಾತ್ರ ಗಾಬರಿಯಾಗಬೇಕು.

ಮುಚ್ಚಿದ ಕದವನ್ನು ಬೆರಳು, ಚಮಚ, ಯಾವುದರಿಂದಲೂ ಬಿಡಿಸಲು ಹೋಗಬೇಡಿ. ಬೆರಳು ಸಿಕ್ಕಿಕೊಂಡರೆ ಬಿಡಿಸಿಕೊಳ್ಳುವುದು ಕಷ್ಟ, ಒತ್ತಡಕ್ಕೆ ಕೀಲಿಗೂ ಪೆಟ್ಟು. ಕಣ್ಣು, ಮೂಗು, ಬಾಯಿ ನೋಡಬೇಕೆಂದರೆ ಎರಡು ಬೆರಳಿನಷ್ಟು ಉಗುರುಬೆಚ್ಚಗಿನ ನೀರಿನಲ್ಲಿ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ಸುಮ್ಮನೆ ಕೂತುಬಿಡಿ. ಹತ್ತು ನಿಮಿಷದಲ್ಲಿ ತಾನಾಗಿ ಮೂತಿ ಹೊರಗೆ ಹಾಕುತ್ತದೆ. ಆಗ ಮೊಬೈಲಿನಲ್ಲಿ ದೂರದಿಂದ ಜೂಮ್ ಮಾಡಿ ವಿಡಿಯೋ ತೆಗೆದಿಟ್ಟುಕೊಳ್ಳಿ. ಕ್ಲಿನಿಕ್ಕಿನ ಮೇಜಿನ ಮೇಲೆ ಅದು ಖಂಡಿತ ಮುಚ್ಚಿಕೊಂಡೇ ಇರುತ್ತದೆ, ವೈದ್ಯರಿಗೆ ಈ ವಿಡಿಯೋವೇ ಆಧಾರ.

## ಊಟ ಬಿಟ್ಟಿದೆ

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ದೂರು ಇದು. ಇದಕ್ಕೆ ಕಾರಣಗಳೂ ಅಷ್ಟೇ ಹೆಚ್ಚು, ಹಾಗಾಗಿ ಖರ್ಚಿಲ್ಲದ್ದರಿಂದ ಶುರು ಮಾಡೋಣ.

ಹೊಸದಾಗಿ ತಂದಿದ್ದೀರಾ? ಒಂದೆರಡು ವಾರ ತಿನ್ನದೇ ಇರುವುದು ಸಾಮಾನ್ಯ. ಅಡಗಿಕೊಳ್ಳಲು ಒಂದು ಗೂಡು ಮಾಡಿಕೊಡಿ. ಅಡ್ಡ ಸೀಳಿದ ಮಡಕೆಯೂ ಆದೀತು. ಮಕ್ಕಳಿಗೆ ಮುಟ್ಟಬೇಡಿ ಎಂದು ಹೇಳಿ ಬಿಟ್ಟುಬಿಡಿ.

ನೀರಿಗೆ ಥರ್ಮಾಮೀಟರ್ ಹಾಕಿ ನೋಡಿ. ಕೈ ಅದ್ದಿ ಅಂದಾಜು ಮಾಡಿದರೆ ಸಾಲದು. ಈ ಆಮೆಗೆ ನೀರು 25ರಿಂದ 28 ಡಿಗ್ರಿ ಇರಬೇಕು, ಮೈ ಕಾಯಿಸಿಕೊಳ್ಳುವ ಒಣ ಜಾಗದಲ್ಲಿ 30-32. "ಸಿಂಗಪುರದಲ್ಲಿ ಚಳಿ ಎಲ್ಲಿದೆ?" ಎಂದು ಕೇಳುವವರು ತಮ್ಮ ಮಲಗುವ ಕೋಣೆಯ ಎಸಿಯನ್ನು ಮರೆತಿರುತ್ತಾರೆ. ರಾತ್ರಿಯಿಡೀ 22ಕ್ಕೆ ಇಟ್ಟ ಎಸಿಯ ಕೆಳಗೆ ತೊಟ್ಟಿಯ ನೀರೂ ಬೆಳಗಾಗುವಷ್ಟರಲ್ಲಿ ಅಲ್ಲಿಗೇ ಇಳಿದಿರುತ್ತದೆ. ತಣ್ಣಗಾದ ಆಮೆಗೆ ತಿಂದದ್ದು ಜೀರ್ಣವಾಗುವುದಿಲ್ಲ, ಹಾಗಾಗಿ ಅದು ತಿನ್ನುವುದೂ ಇಲ್ಲ. ಡಿಸೆಂಬರ್-ಜನವರಿಯ ಮಳೆಗಾಲದಲ್ಲಿ ಹೊರಗಿನ ಹವೆಯೇ ಕೆಲವು ದಿನ 23-24ಕ್ಕೆ ಬರುವುದುಂಟು. ತೊಟ್ಟಿಯನ್ನು ಎಸಿ ಇಲ್ಲದ ಕೋಣೆಗೆ ಸಾಗಿಸಿ ಮೂರು ದಿನ ನೋಡಿ. ಅಷ್ಟಕ್ಕೇ ಸರಿಹೋದರೆ ಬೇರೇನೂ ಬೇಡ. ಇದು ಚಳಿಗಾಲದಲ್ಲಿ ನಿದ್ದೆಗೆ ಹೋಗುವ ಜಾತಿಯಲ್ಲ. "ಹೈಬರ್ನೇಷನ್ ಇರಬೇಕು" ಎಂದು ಯಾರಾದರೂ ಸಮಾಧಾನ ಹೇಳಿದರೆ ನಂಬಬೇಡಿ.

ಬಿಸಿ ಸರಿಯಿದ್ದರೆ ಊಟವನ್ನೇ ನೋಡಿ. ಒಣಸೀಗಡಿಯ ರುಚಿ ಹತ್ತಿದ ಆಮೆ ಬೇರೆಯದನ್ನು ಮೂಸಿಯೂ ನೋಡುವುದಿಲ್ಲ. ಆದರೆ ಒಣಸೀಗಡಿ ಊಟವಲ್ಲ, ಕುರುಕಲು. ಆಮೆಗೆಂದೇ ಮಾಡಿದ ಒಳ್ಳೆ ಪೆಲೆಟ್, ವಾರಕ್ಕೆರಡು ಸಲ ಎರೆಹುಳ, ಅದರ ಜೊತೆ ಸೊಪ್ಪು ತರಕಾರಿ ಇರಬೇಕು. ಟೆಕ್ಕಾ ಮಾರ್ಕೆಟ್ಟಿಗೆ ಹೋದಾಗ ಒಂದು ಕಟ್ಟು ಕಾಂಗ್‌ಕಾಂಗ್ ಸೊಪ್ಪು, ಒಂದು ತುಂಡು ಸಿಹಿಗುಂಬಳ, ಮಾಗಿದ ಪಪಾಯ ತಂದರೆ ವಾರಕ್ಕಾಯಿತು. ಕುಂಬಳವನ್ನು ತುರಿದು ಕೊಡಿ. ಪಾಲಕ್ ದಿನಾ ಬೇಡ, ಅದರಲ್ಲಿರುವ ಆಕ್ಸಲೇಟ್ ಸುಣ್ಣದಂಶವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಅನ್ನ, ಬ್ರೆಡ್ಡು, ಹಾಲು, ಚಪಾತಿ ಯಾವುದೂ ಬೇಡ. ಅಜ್ಜಿ ಊರಿಂದ ಬಂದಾಗ ಇದನ್ನು ಮೊದಲೇ ಹೇಳಿಟ್ಟರೆ ಒಳ್ಳೆಯದು.

ಹಟಮಾರಿ ಆಮೆಗೆ ಒಂದು ಉಪಾಯವಿದೆ. ಬೆಳಿಗ್ಗೆ 28-30 ಡಿಗ್ರಿ ನೀರಿನಲ್ಲಿ, ಗಲ್ಲದವರೆಗೆ ಮಾತ್ರ ಬರುವಷ್ಟು ಆಳದಲ್ಲಿ, ಅರ್ಧ ಗಂಟೆ ಬಿಡಿ. ನೀರು ಕುಡಿಯುತ್ತದೆ, ಹೊಟ್ಟೆ ಖಾಲಿ ಮಾಡಿಕೊಳ್ಳುತ್ತದೆ. ಬಳಿಕ ಅದರ ಎದುರಿಗೆ ತೆವಳುವ ಎರೆಹುಳವನ್ನು ಬಿಡಿ. ಕದಲುವುದನ್ನು ಕಂಡರೆ ಬಾಯಿ ಹಾಕದ ಆಮೆ ಕಡಿಮೆ. ಹುಳ ಮೀನಿನ ಗಾಳದ ಅಂಗಡಿಯದೋ ಪೆಟ್ ಅಂಗಡಿಯದೋ ಆಗಿರಲಿ. ಫ್ಲಾಟಿನ ಕೆಳಗಿನ ಹುಲ್ಲುಹಾಸಿಗೆ ಔಷಧಿ ಹೊಡೆದಿರುತ್ತಾರೆ, ಅಲ್ಲಿಂದ ಅಗೆದು ತರಬೇಡಿ.

ಇಷ್ಟರ ಮೇಲೂ ತಿನ್ನದಿದ್ದರೆ ತೂಕ ಹೇಳಿದ ಹಾಗೆ ಕೇಳಬೇಕು. ಅಡುಗೆಗೆ ಬಳಸದ ಬೇರೆ ಡಿಜಿಟಲ್ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಬರೆದಿಡಿ. ದೊಡ್ಡ ಆಮೆ ಎರಡು ವಾರ ತಿನ್ನದೆ ಇದ್ದರೂ ತೂಕ ಕದಲದಿದ್ದರೆ ಕಾಯಬಹುದು. ಹತ್ತರಲ್ಲಿ ಒಂದು ಪಾಲು ಇಳಿದಿದ್ದರೆ ಕಾಯಬೇಡಿ. ಮರಿಯಾದರೆ ಐದು ದಿನಕ್ಕೇ ವೈದ್ಯರಿಗೆ ತೋರಿಸಿ, ಅದರ ಮೈಯಲ್ಲಿ ದಾಸ್ತಾನು ಇರುವುದಿಲ್ಲ.

## ಕಣ್ಣು ಊದಿದೆ, ತೆರೆಯುತ್ತಿಲ್ಲ

ರೆಪ್ಪೆ ಉಬ್ಬಿ ಎರಡೂ ಕಣ್ಣು ಮುಚ್ಚಿರುತ್ತವೆ. ಕಾಣದ್ದರಿಂದ ತಿನ್ನುವುದಿಲ್ಲ, ಮನೆಯವರು "ಊಟ ಬಿಟ್ಟಿದೆ" ಎಂದುಕೊಂಡು ಎರಡು ವಾರ ಕಳೆದಿರುತ್ತಾರೆ. ಹಾಗಾಗಿ ಊಟದ ದೂರು ಇದ್ದರೆ ಕಣ್ಣನ್ನೂ ನೋಡಿ.

ಒಂದೇ ಕಣ್ಣು ಊದಿದ್ದರೆ ಗಾಯ ಅಥವಾ ಕಸ ಸಿಕ್ಕಿರಬಹುದು. ಎರಡೂ ಆದರೆ ಮೊದಲ ಅನುಮಾನ ನೀರಿನ ಮೇಲೆ. ಆಮೆ ಗಲೀಜು ಮಾಡುವುದೂ ಅದರಲ್ಲೇ, ಕಣ್ಣು ಬಿಡುವುದೂ ಅದರಲ್ಲೇ. ಅಮೋನಿಯಾ ಕಣ್ಣನ್ನು ಉರಿಸುತ್ತದೆ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಅಮೋನಿಯಾ ಕಿಟ್ ತಂದು ನೀರು ಪರೀಕ್ಷಿಸಿ. ಸೊನ್ನೆ ಬಿಟ್ಟು ಬೇರೆ ಏನು ತೋರಿಸಿದರೂ ಅರ್ಧ ನೀರು ಬದಲಿಸಿ, ನಾಳೆ ಮತ್ತೆ ಬದಲಿಸಿ. ಒಣಗಿದ ಹವೆಯೂ ಇನ್ನೊಂದು ಕಾರಣ. ಇಲ್ಲೂ ಎಸಿಯದೇ ಕೈವಾಡ.

ಎರಡನೆಯ ಅನುಮಾನ ವಿಟಮಿನ್ ಎ ಕೊರತೆ. ತಿಂಗಳುಗಟ್ಟಲೆ ಒಣಸೀಗಡಿ ಮಾತ್ರ ತಿಂದ ಆಮೆಯಲ್ಲಿ ಇದೇ ಹೆಚ್ಚು ಸಂಭವ. ಕೊರತೆಯಾದರೆ ಕಣ್ಣಿನ ಸುತ್ತಲಿನ ಗ್ರಂಥಿಗಳ ಒಳಪದರ ಕೆಟ್ಟು, ಸತ್ತ ಕೋಶಗಳು ಕಟ್ಟಿಕೊಂಡು ರೆಪ್ಪೆ ಉಬ್ಬುತ್ತದೆ. ಮೊದಲ ಹಂತದಲ್ಲಿ, ಅಂದರೆ ಒಮ್ಮೊಮ್ಮೆಯಾದರೂ ಕಣ್ಣು ತೆರೆಯುವಾಗ, ಸಿಹಿಗುಂಬಳ, ಕ್ಯಾರೆಟ್ ತುರಿ, ಒಳ್ಳೆ ಪೆಲೆಟ್ ಕೊಟ್ಟು ನೀರು ಚೊಕ್ಕವಾಗಿಟ್ಟರೆ ಕೆಲವು ವಾರಗಳಲ್ಲಿ ಇಳಿಯಬಹುದು. ಪೂರ್ತಿ ಮುಚ್ಚಿಹೋಗಿದ್ದರೆ ಮನೆಯಲ್ಲಿ ಆಗುವಂಥದ್ದಲ್ಲ.

ಇಲ್ಲಿ ಜನ ಮಾಡುವ ಅನಾಹುತ ಒಂದಿದೆ: ಮನುಷ್ಯರ ವಿಟಮಿನ್ ಎ ಕ್ಯಾಪ್ಸೂಲ್ ಚುಚ್ಚಿ ಬಾಯಿಗೆ ಹಿಂಡುವುದು. ಈ ವಿಟಮಿನ್ ಹೆಚ್ಚಾದರೆ ಮೈಯಿಂದ ಹೊರಗೆ ಹೋಗುವುದಿಲ್ಲ. ಚರ್ಮ ಸುಲಿದು ಹಸಿಮಾಂಸ ಕಾಣುವಷ್ಟು ವಿಷವಾಗುತ್ತದೆ. ಪ್ರಮಾಣವನ್ನು ತೂಕ ನೋಡಿ ವೈದ್ಯರೇ ಹೇಳಬೇಕು. ಪೆಟ್ ಅಂಗಡಿಯ "ಆಮೆ ಕಣ್ಣಿನ ಹನಿ"ಯಿಂದ ಕೆಟ್ಟದ್ದೇನೂ ಆಗದಿರಬಹುದು, ಆದರೆ ಕಾರಣ ಹೊಟ್ಟೆಯಲ್ಲಿರುವಾಗ ಕಣ್ಣಿಗೆ ಹನಿ ಹಾಕಿ ಏನು ಪ್ರಯೋಜನ?

## ಮೂಗಿನಲ್ಲಿ ಗುಳ್ಳೆ, ಒಂದು ಪಕ್ಕಕ್ಕೆ ವಾಲಿ ತೇಲುವುದು

ನೀರಿನಿಂದ ಮೇಲೆ ಬಂದಾಗ ಒಂದು ಗುಳ್ಳೆ ಒಡೆಯುವುದು ಏನೂ ಅಲ್ಲ. ಒಣ ಜಾಗದಲ್ಲಿ ಕೂತಾಗಲೂ ಗುಳ್ಳೆ ಬರುತ್ತಿದ್ದರೆ, ಮೂಗಿನಿಂದ ಅಂಟುದ್ರವ ಇಳಿಯುತ್ತಿದ್ದರೆ, ಉಸಿರಿನ ಜೊತೆ ಚಿಟಚಿಟ ಸದ್ದು ಕೇಳಿದರೆ ಶ್ವಾಸಕೋಶಕ್ಕೆ ಸೋಂಕು ತಾಗುತ್ತಿದೆ ಎಂದರ್ಥ.

ವಾಲಿ ತೇಲುವುದು ಅದಕ್ಕಿಂತ ಮುಂದಿನ ಹಂತ. ಒಂದು ಬದಿಯ ಶ್ವಾಸಕೋಶದಲ್ಲಿ ದ್ರವ ತುಂಬಿ ಆ ಕಡೆ ಭಾರವಾದಾಗ ಹೀಗಾಗಬಹುದು. ಹೊಟ್ಟೆಯಲ್ಲಿ ಗಾಳಿ ತುಂಬಿದರೂ ತೇಲುತ್ತದೆ, ಆದರೆ ಆಗ ಮೂಗು ಒಣಗಿರುತ್ತದೆ, ಊಟ ನಡೆಯುತ್ತಿರುತ್ತದೆ, ಒಂದೆರಡು ದಿನದಲ್ಲಿ ಸರಿಹೋಗುತ್ತದೆ. ವಾಲಿಕೆಯ ಜೊತೆ ಮೂಗಿನ ದ್ರವವೋ ಊಟ ಬಿಡುವುದೋ ಸೇರಿದರೆ ಎಕ್ಸ್-ರೇ ಬೇಕು. ಆಂಟಿಬಯಾಟಿಕ್ ಚುಚ್ಚುಮದ್ದು ಬೇಕಾಗಬಹುದು.

ವೈದ್ಯರ ಸಮಯ ಸಿಗುವವರೆಗೆ ಮಾಡಬೇಕಾದದ್ದು ಎರಡೇ. ನೀರನ್ನು 28-30ಕ್ಕೆ ಏರಿಸಿ, ಒಣ ಜಾಗವೂ ಬೆಚ್ಚಗಿರಲಿ. ಆಳವನ್ನು ಚಿಪ್ಪಿನ ಅರ್ಧಕ್ಕೆ ಇಳಿಸಿ. ಸುಸ್ತಾದ ಆಮೆ ಮುಳುಗುತ್ತದೆ. ನೀಲಗಿರಿ ಎಣ್ಣೆ, ವಿಕ್ಸ್ ಹಬೆ ಇವೆಲ್ಲ ಖಂಡಿತ ಬೇಡ.

ನೀರಿನಲ್ಲಿ ಬೆನ್ನಡಿಯಾಗಿ, ಅಲುಗಾಡದೆ ಸಿಕ್ಕಿದರೆ? ಎತ್ತಿ ತಲೆ ಕೆಳಗೆ ಮಾಡಿ ಹಿಡಿಯಿರಿ, ಕತ್ತನ್ನು ಮೆಲ್ಲಗೆ ಚಾಚಿ ಬಾಯಿಯ ನೀರು ಇಳಿಯಲು ಬಿಡಿ. ಆಮೇಲೆ ಮುಂಗಾಲುಗಳನ್ನು ನಿಧಾನಕ್ಕೆ ಒಳಗೆ ಹೊರಗೆ ಆಡಿಸಿ. ಆಮೆಗೆ ಉಸಿರಾಟದಲ್ಲಿ ಕಾಲುಗಳ ಚಲನೆಯೂ ನೆರವಾಗುತ್ತದೆ. ಬೆನ್ನ ಮೇಲೆ ಮಲಗಿಸಬೇಡಿ. ಸತ್ತಂತೆ ಕಂಡರೂ ಕೈಬಿಡದೆ ಕ್ಲಿನಿಕ್ಕಿಗೆ ಒಯ್ಯಿರಿ. ಎದ್ದು ಓಡಾಡಿದರೂ ಒಯ್ಯಿರಿ, ಒಳಗೆ ಹೋದ ನೀರಿನಿಂದ ಕೆಲವು ದಿನ ಬಿಟ್ಟು ನ್ಯುಮೋನಿಯಾ ಬರಬಹುದು. ಆಮೇಲೆ ತೊಟ್ಟಿಗೆ ಇಳಿಜಾರಾದ, ಕಾಲು ಜಾರದ ಒಂದು ಮೆಟ್ಟಿಲು ಕಟ್ಟಿ.

## ಚಿಪ್ಪಿನಲ್ಲಿ ಏನೋ ಬದಲಾವಣೆ

ಗಾಬರಿಗೆ ಮೊದಲು ಒಂದು ಮಾತು. ಕೆಳಚಿಪ್ಪಿನ ನಡುವಿನ ಅಡ್ಡಗೆರೆ ಒತ್ತಿದರೆ ಮೆತ್ತಗೆ ಅಲುಗುತ್ತದೆ. ಅದು ಕೀಲು, ಹಾಗೇ ಇರಬೇಕು. ಮೊಟ್ಟೆಯಿಂದ ಬಂದು ಕೆಲವೇ ತಿಂಗಳಾದ ಮರಿಯ ಚಿಪ್ಪೂ ಸ್ವಲ್ಪ ಬಾಗುತ್ತದೆ. ಕತ್ತು, ಕಾಲಿನಿಂದ ತೆಳು ಬಿಳಿ ಪೊರೆ ನೀರಿನಲ್ಲಿ ತೇಲಾಡುವುದು ಚರ್ಮ ಕಳಚುವ ಕ್ರಮ. ಹಸಿರು ಪಾಚಿ ಬರೀ ಪಾಚಿ. ಮೆತ್ತನೆ ಬ್ರಷ್ಷಿನಿಂದ ಉಜ್ಜಿದರೆ ಹೋಗುತ್ತದೆ. ಆ ಬ್ರಷ್ಷು, ಆ ಬಕೆಟ್ಟು ಆಮೆಗೇ ಮೀಸಲಾಗಿರಲಿ, ತೊಳೆಯುವುದು ಅಡುಗೆಮನೆಯ ಸಿಂಕಿನಲ್ಲಿ ಬೇಡ. ನೋಡಲು ಆರೋಗ್ಯವಾಗಿರುವ ಆಮೆಯ ಮೈಮೇಲೂ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಅಮೆರಿಕದಲ್ಲಿ ಹತ್ತು ಸೆಂಟಿಮೀಟರಿಗಿಂತ ಸಣ್ಣ ಆಮೆಗಳನ್ನು ಸಾಕಲು ಮಾರುವುದನ್ನು 1975ರಲ್ಲಿ ನಿಲ್ಲಿಸಿದ್ದು ಮಕ್ಕಳಿಗೆ ಅದರಿಂದ ಕಾಯಿಲೆ ಹರಡುತ್ತಿದ್ದ ಕಾರಣಕ್ಕೇ. ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಲಿ. ಐದು ವರ್ಷದೊಳಗಿನ ಮಕ್ಕಳು, ಬಸುರಿಯರು, ತೀರಾ ವಯಸ್ಸಾದವರು ಮುಟ್ಟದಿದ್ದರೇ ಮೇಲು.

ಈಗ ನಿಜವಾದ ತೊಂದರೆಗಳು. ಬೆಳೆದ ಆಮೆಯ ಚಿಪ್ಪಿನ ಅಂಚು ಹೆಬ್ಬೆರಳಿಗೆ ಬಾಗಿದರೆ, ಮರಿಯ ಚಿಪ್ಪು ಗಟ್ಟಿಯಾಗುವ ಬದಲು ಸೊಟ್ಟಗಾಗುತ್ತಿದ್ದರೆ, ಮೂಳೆಗೆ ಸುಣ್ಣದಂಶ ಸಿಗುತ್ತಿಲ್ಲ. ಕ್ಯಾಲ್ಸಿಯಂ ಕೊಟ್ಟರಷ್ಟೇ ಸಾಲದು, ಅದು ಮೈಗೆ ಹತ್ತಲು ವಿಟಮಿನ್ ಡಿ3 ಬೇಕು, ಡಿ3 ಆಗಲು ಯುವಿಬಿ ಬೆಳಕು, ಅಂದರೆ ಬಿಸಿಲಿನಲ್ಲಿರುವ ಕಣ್ಣಿಗೆ ಕಾಣದ ಒಂದು ಬಗೆಯ ಅತಿನೇರಳೆ ಕಿರಣ, ಬೇಕು. ಕಿಟಕಿಯ ಗಾಜು ಯುವಿಬಿಯನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. ಕಿಟಕಿಯ ಹತ್ತಿರ ಇಟ್ಟು "ಬಿಸಿಲು ಬೀಳುತ್ತೆ" ಎನ್ನುವವರು ಇದನ್ನು ಗಮನಿಸಬೇಕು. ಯುವಿಬಿ ಟ್ಯೂಬ್ ಹಾಕಿದ್ದರೆ ಅದರ ವಯಸ್ಸು ನೋಡಿ. ಕಣ್ಣಿಗೆ ಚೆನ್ನಾಗಿ ಉರಿಯುತ್ತಿದ್ದರೂ ಆರರಿಂದ ಹನ್ನೆರಡು ತಿಂಗಳಲ್ಲಿ ಅದರ ಯುವಿಬಿ ಇಳಿದಿರುತ್ತದೆ. ಹಾಕಿದ ದಿನಾಂಕವನ್ನು ಹೋಲ್ಡರಿನ ಮೇಲೆ ಮಾರ್ಕರಿನಲ್ಲಿ ಬರೆದಿಡುವುದು ಒಳ್ಳೆಯ ರೂಢಿ. ದೀಪ ಮತ್ತು ಆಮೆಯ ನಡುವೆ ಗಾಜಾಗಲಿ ಪ್ಲಾಸ್ಟಿಕ್ಕಾಗಲಿ ಇರಬಾರದು. ಹಕ್ಕಿ ಪಂಜರದಲ್ಲಿ ತೂಗುಹಾಕುವ ಬಿಳಿ ಕಟಲ್‌ಬೋನ್ ಒಂದು ತುಂಡು ನೀರಿಗೆ ಹಾಕಿಟ್ಟರೆ ತಾನೇ ಕಚ್ಚಿಕೊಳ್ಳುತ್ತದೆ. ಹೊರಗೆ ಬಿಸಿಲಿಗೆ ಬಿಡುವುದಾದರೆ ಬೆಳಗಿನ ಎಳೆ ಬಿಸಿಲು, ಅರ್ಧ ಭಾಗ ನೆರಳು, ನೀವು ಪಕ್ಕದಲ್ಲೇ. ಗಾಜಿನ ತೊಟ್ಟಿಯನ್ನು ಬಿಸಿಲಿಗಿಟ್ಟು ಫೋನಿಗೆಂದು ಒಳಗೆ ಹೋದರೆ ಬರುವಷ್ಟರಲ್ಲಿ ನೀರು ಕಾದಿರುತ್ತದೆ. ಚಿಪ್ಪು ಈಗಾಗಲೇ ಮೆತ್ತಗಾಗಿದ್ದರೆ ಇವೆಲ್ಲ ಮಾಡುತ್ತಲೇ ವೈದ್ಯರಿಗೆ ತೋರಿಸಿ. ಕಾಲು ನಡುಗುತ್ತಿದ್ದರೆ ಅದೇ ದಿನ.

ಚಿಪ್ಪಿನ ಮೇಲೆ ಬಿಳಿ ಅಥವಾ ಹಳದಿ ಕಲೆ, ಒತ್ತಿದರೆ ಕುಳಿ, ಮೂಗಿಗೆ ಹತ್ತಿರ ತಂದರೆ ಕೊಳೆತ ವಾಸನೆ: ಚಿಪ್ಪು ಕೊಳೆಯುತ್ತಿದೆ. ಬರೀ ಬಿಳಿ ಪುಡಿಯಂಥ ಕಲೆ, ವಾಸನೆಯಿಲ್ಲ, ಉಗುರಿನಿಂದ ಕೆರೆದರೆ ಉದುರುತ್ತದೆ ಎಂದರೆ ಅದು ನೀರಿನ ಲವಣ ಕಟ್ಟಿದ್ದಿರಬಹುದು. ಸ್ಲೈಡರ್ ಹಾಗೆ ಹಲಗೆಯ ಪೊರೆ ಆಗಾಗ ಬಿಡುವುದು ಈ ಜಾತಿಯಲ್ಲಿ ಅಷ್ಟಾಗಿ ಕಾಣುವುದಿಲ್ಲ, ಹಾಗಾಗಿ ಹಲಗೆ ಎದ್ದಿದ್ದರೆ ಅಡಿಯಲ್ಲಿ ಏನಿದೆ ಎಂದು ನೋಡಲೇಬೇಕು. ಕೀಳಬೇಡಿ.

ಮೇಲುಮೇಲಿನ ಸಣ್ಣ ಕಲೆಗೆ ಮನೆಯಲ್ಲಿ ಮಾಡಬಹುದಾದ ಚಿಕಿತ್ಸೆ: ಪೊವಿಡೋನ್ ಅಯೋಡಿನ್ ದ್ರವವನ್ನು ತೆಳು ಚಹಾದ ಬಣ್ಣ ಬರುವಷ್ಟು ನೀರಿನಲ್ಲಿ ಕದಡಿ, ಹತ್ತಿಯಿಂದ ಹಚ್ಚಿ, ಕೆಲವು ಗಂಟೆ ಒಣ ತೊಟ್ಟಿಯಲ್ಲಿ ಬೆಚ್ಚಗಿಡಿ. ದಿನಕ್ಕೆ ಒಂದೆರಡು ಗಂಟೆ ನೀರಿಗೆ ಬಿಡಿ, ಕುಡಿಯಲು ತಿನ್ನಲು ಅದು ಬೇಕು. ಹತ್ತು ದಿನದಲ್ಲಿ ಕಲೆ ಒಣಗಿ ಗಟ್ಟಿಯಾಗದಿದ್ದರೆ, ಮೂಳೆ ಕಂಡರೆ, ಕಲೆ ಹರಡಿದರೆ ನಿಮ್ಮ ಕೆಲಸ ಮುಗಿಯಿತು, ಇನ್ನು ವೈದ್ಯರದು.

## ಕಣ್ಣಿನ ಹಿಂದೆ, ಕಿವಿಯ ಜಾಗದಲ್ಲಿ ಗಂಟು

ಇದಕ್ಕೆ ಮನೆಮದ್ದು ಇಲ್ಲ. ಆಮೆಯ ಕೀವು ಹರಿಯುವುದಿಲ್ಲ, ಗಟ್ಟಿಯಾಗಿರುತ್ತದೆ. ಒತ್ತಿದರೆ ಬರುವುದಿಲ್ಲ, ಮಾತ್ರೆಗೆ ಕರಗುವುದಿಲ್ಲ. ವೈದ್ಯರು ಅರಿವಳಿಕೆ ಕೊಟ್ಟು ಕೊಯ್ದು ತೆಗೆಯಬೇಕು. ಹಿಂದಿನ ಕಾರಣ ಮತ್ತೆ ಅದೇ, ಕೊಳೆನೀರು ಮತ್ತು ವಿಟಮಿನ್ ಎ ಕೊರತೆ. ಅವನ್ನು ಸರಿಮಾಡದೆ ಕೊಯ್ಸಿದರೆ ಮತ್ತೊಂದು ಬದಿಗೆ ಬರುತ್ತದೆ.

## ಕದ ಪೂರ್ತಿ ಮುಚ್ಚುತ್ತಿಲ್ಲ

ಮುಚ್ಚಲು ಹೋಗುತ್ತದೆ, ಆದರೆ ತಲೆ ಒಳಗೆ ಎಳೆದಾಗ ಹಿಂಗಾಲು ಹೊರಗೆ ಉಳಿಯುತ್ತದೆ, ಸಂದಿಯಲ್ಲಿ ಚರ್ಮದ ಮಡಿಕೆ ಉಬ್ಬುತ್ತದೆ. ಹೆಚ್ಚಿನ ಸಲ ಇದು ಬೊಜ್ಜು. ಮಡಿಕೆ ಗಟ್ಟಿಯಾಗಿದ್ದು, ಆಮೆ ಚುರುಕಾಗಿದ್ದರೆ ಪೆಲೆಟ್ ಕಡಿಮೆ ಮಾಡಿ, ಬೆಳೆದ ಆಮೆಗೆ ದಿನಬಿಟ್ಟು ದಿನ ಊಟ ಕೊಟ್ಟು, ಸೊಪ್ಪು ಹೆಚ್ಚಿಸಿ. ನೆಲದ ಮೇಲೆ ನಡೆಯಲು ಬಿಡಿ.

ಮಡಿಕೆಯನ್ನು ಒತ್ತಿದಾಗ ಬೆರಳಿನ ಗುರುತು ಉಳಿದರೆ ಅದು ಬೊಜ್ಜಲ್ಲ, ನೀರು. ಮೂತ್ರಪಿಂಡ, ಯಕೃತ್ತು, ಹೃದಯ ಯಾವುದೋ ಕೈಕೊಡುತ್ತಿದೆ. ಊಟ ಕಡಿಮೆ ಮಾಡುತ್ತಾ ಕೂರಬೇಡಿ, ರಕ್ತಪರೀಕ್ಷೆ ಆಗಬೇಕು.

## ನೆಲ ಕೆರೆಯುತ್ತಿದೆ, ಅಥವಾ ಹಿಂಬದಿಯಿಂದ ಏನೋ ಬಂದಿದೆ

ಮೊದಲು ಗಂಡೋ ಹೆಣ್ಣೋ ನೋಡಿ. ಗಂಡಿನ ಕೆಳಚಿಪ್ಪು ಸ್ವಲ್ಪ ಒಳಕ್ಕೆ ತಗ್ಗಿರುತ್ತದೆ, ಬಾಲ ದಪ್ಪ ಉದ್ದ. ಹೆಣ್ಣಿನದು ಸಪಾಟು, ಬಾಲ ಗಿಡ್ಡ.

ಹೆಣ್ಣು ಊಟ ಬಿಟ್ಟು, ಮೂಲೆ ಮೂಲೆ ಹಿಂಗಾಲಿನಿಂದ ಕೆರೆಯುತ್ತಿದ್ದರೆ ಮೊಟ್ಟೆಯಿಡಲು ಜಾಗ ಹುಡುಕುತ್ತಿದೆ. ಗಂಡಿಲ್ಲದೆಯೂ ಮೊಟ್ಟೆಯಾಗುತ್ತದೆ. ಈ ಜಾತಿ ಒಮ್ಮೆಗೆ ಇಡುವುದು ಹೆಚ್ಚಾಗಿ ಎರಡು, ಮೂರು. ಆದರೆ ಮೈಗೆ ಹೋಲಿಸಿದರೆ ಮೊಟ್ಟೆ ಭಾರೀ ದೊಡ್ಡದು, ನಾಲ್ಕು ಸೆಂಟಿಮೀಟರಿಗೂ ಉದ್ದ, ಗಟ್ಟಿ ತೊಗಟೆ. ಸಿಕ್ಕಿಕೊಂಡರೆ ಕಷ್ಟ ದೊಡ್ಡದೇ. ಒಂದು ಡಬ್ಬದಲ್ಲಿ ಗೇಣುದ್ದ ಆಳಕ್ಕೆ ತೇವದ ಮಣ್ಣು ಮರಳು ತುಂಬಿ, ಮಬ್ಬು ಬೆಳಕಿನಲ್ಲಿ ಒಂಟಿಯಾಗಿ ಬಿಡಿ. ಅನೇಕ ಸಲ ಇಷ್ಟೇ ಸಾಕು. ಕೆರೆತ ನಿಂತು ಮಂಕಾದರೆ, ಹಿಂಗಾಲು ಎಳೆದು ತಿಣುಕುತ್ತಿದ್ದರೆ ಎಕ್ಸ್-ರೇಗೆ ಒಯ್ಯಿರಿ. ಹೊಟ್ಟೆ ಒತ್ತಿ ಮೊಟ್ಟೆ ತೆಗೆಯಲು ಹೋದರೆ ಒಳಗೇ ಒಡೆಯುತ್ತದೆ.

ಗಂಡಾಗಿದ್ದು, ನೀರಿನಲ್ಲಿ ಬಾಲದ ಬುಡದಿಂದ ಕಪ್ಪು-ನೇರಳೆ ಬಣ್ಣದ ಅಂಗ ಹೊರಬಂದು ಕೆಲ ನಿಮಿಷದಲ್ಲಿ ಒಳಗೆ ಹೋದರೆ ಅದು ಅದರ ಜನನಾಂಗ. ಮೊದಲ ಸಲ ಕಂಡವರು ಕರುಳೇ ಬಂತೆಂದು ಕಿರುಚುತ್ತಾರೆ, ತಪ್ಪೇನಿಲ್ಲ. ಒಂದು ಗಂಟೆಯಾದರೂ ಒಳಗೆ ಹೋಗದಿದ್ದರೆ ಅಥವಾ ಒಣಗುತ್ತಿದ್ದರೆ ತುರ್ತು. ಬೇರೆ ಆಮೆಯಿದ್ದರೆ ಕಚ್ಚುತ್ತದೆ, ಬೇರ್ಪಡಿಸಿ. ಸಲೈನಿನಲ್ಲಿ ನೆನೆಸಿದ ಶುಭ್ರ ಬಟ್ಟೆಯಿಂದ ಒದ್ದೆಯಾಗಿಟ್ಟು ಒಯ್ಯಿರಿ, ಬೆರಳಿನಿಂದ ತಳ್ಳಬೇಡಿ.

ಜೋಡಿ ಇರುವಲ್ಲಿ ಹೆಣ್ಣಿನ ಕತ್ತು, ಮುಂಗಾಲಿನ ಮೇಲೆ ಕಚ್ಚಿದ ಗಾಯ ಕಂಡರೆ ಗಂಡಿನದೇ ಕೆಲಸ. ಗಾಯಕ್ಕೆ ಮುಲಾಮಿಗಿಂತ ಮೊದಲು ಎರಡನೇ ತೊಟ್ಟಿ ಕೊಳ್ಳಿ.

## ಎರಡೇ ದಿನಕ್ಕೆ ನೀರು ನಾರುತ್ತದೆ

ಊಟ ಉಳಿಯುತ್ತಿದೆಯೇ ನೋಡಿ. ಬೇರೆ ಟಬ್ಬಿನಲ್ಲಿ ತಿನ್ನಿಸಿ ವಾಪಸು ಬಿಟ್ಟರೆ ಅರ್ಧ ಗಲೀಜು ತಪ್ಪುತ್ತದೆ. ಆಮೇಲೆ ಫಿಲ್ಟರ್. ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು ಫಳಫಳ ತೊಳೆಯುತ್ತಿದ್ದರೆ ಕಾರಣ ಅದೇ. ಸಿಂಗಪುರದ ನಲ್ಲಿನೀರಿನಲ್ಲಿ ಕ್ರಿಮಿ ಕೊಲ್ಲಲು ಹಾಕುವ ಕ್ಲೋರಮೈನ್ ಇರುತ್ತದೆ. ಗಲೀಜನ್ನು ಅರಗಿಸುವ ಬ್ಯಾಕ್ಟೀರಿಯಾ ಸ್ಪಂಜಿನಲ್ಲೇ ವಾಸವಿರುವುದು, ಅವು ಸತ್ತರೆ ಮರುದಿನವೇ ಅಮೋನಿಯಾ ಏರುತ್ತದೆ. ಬಕೆಟ್ಟಿನಲ್ಲಿ ರಾತ್ರಿಯಿಡೀ ನೀರು ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ, ಕ್ಲೋರಮೈನ್ ಹೋಗುವುದಿಲ್ಲ. ಬೆಂಗಳೂರಿನಲ್ಲಿ ಮೀನು ಸಾಕಿದ ಅಭ್ಯಾಸ ಇಲ್ಲಿ ಕೈಕೊಡುವುದು ಹೀಗೆ. ಡಿಕ್ಲೋರಿನೇಟರ್ ಹನಿ ಹಾಕಿದ ನೀರನ್ನೇ ಬಳಸಿ, ಸ್ಪಂಜನ್ನು ತೊಟ್ಟಿಯ ಹಳೇ ನೀರಿನಲ್ಲೇ ಹಿಂಡಿ.

ನೀರನ್ನು ವಾರಕ್ಕೆ ಎರಡು ಸಲವಾದರೂ ಬದಲಿಸುವುದಕ್ಕೆ ಇನ್ನೊಂದು ಕಾರಣ ಸೊಳ್ಳೆ. ನಿಂತ ನೀರಿನಲ್ಲಿ ವಾರವೊಂದರಲ್ಲಿ ಮೊಟ್ಟೆ ಸೊಳ್ಳೆಯಾಗುತ್ತದೆ. ಡೆಂಗಿ ತಪಾಸಣೆಯವರು ಬಾಗಿಲು ಬಡಿದಾಗ ಆಮೆಯ ನೆಪ ನಡೆಯುವುದಿಲ್ಲ, ದಂಡ ಬೀಳುತ್ತದೆ.

ನೀರಿಗೆ ಕೈ ಹಾಕುವ ಮುನ್ನ ಹೀಟರ್, ಫಿಲ್ಟರ್ ಎರಡರ ಪ್ಲಗ್ಗನ್ನೂ ಕಿತ್ತಿಡಿ. ಸ್ವಿಚ್ ಆರಿಸಿದರಷ್ಟೇ ಸಾಲದು. ವೈರು ಸಾಕೆಟ್ಟಿಗೆ ಹೋಗುವ ಮುನ್ನ ಒಮ್ಮೆ ಕೆಳಕ್ಕೆ ಜೋತು ಮೇಲೇರಬೇಕು, ಆಗ ವೈರಿನ ಗುಂಟ ಇಳಿದ ಹನಿ ಸಾಕೆಟ್ಟಿಗೆ ಹೋಗದೆ ಅಲ್ಲೇ ತೊಟ್ಟಿಕ್ಕುತ್ತದೆ. ಗಾಜಿನ ಹೀಟರನ್ನು ಆಮೆ ಗುದ್ದಿ ಒಡೆಯುತ್ತದೆ, ಪ್ಲಾಸ್ಟಿಕ್ ಕವಚ ಇರುವುದನ್ನೇ ಕೊಳ್ಳಿ.

## ಮನೆಯಲ್ಲಿ ಎಂದಿಗೂ ಬಳಸಬಾರದ ಔಷಧಿ

ಐವರ್ಮೆಕ್ಟಿನ್. ನಾಯಿ, ದನಗಳ ಹುಳದ ಔಷಧಿಯೆಂದು ಊರಿನಲ್ಲಿ ಸಲೀಸಾಗಿ ಸಿಗುತ್ತದೆ, ಆಮೆಗೆ ಅದು ಪ್ರಾಣಾಂತಿಕ. ಮಲದಲ್ಲಿ ಹುಳ ಕಂಡರೆ ಮಲದ ಮಾದರಿಯನ್ನು ಡಬ್ಬಿಯಲ್ಲಿ ಹಾಕಿ ವೈದ್ಯರಿಗೆ ಕೊಡಿ, ಆಮೆಗೆ ಹೊಂದುವ ಬೇರೆ ಔಷಧಿಗಳಿವೆ. ಹಾಗೆಯೇ ಮನೆಯಲ್ಲಿ ಉಳಿದ ಆಂಟಿಬಯಾಟಿಕ್, ಸ್ಟೆರಾಯ್ಡ್ ಬೆರೆತ ಚರ್ಮದ ಮುಲಾಮು ಯಾವುದೂ ಬೇಡ.

## ಕ್ಲಿನಿಕ್ಕಿಗೆ ಒಯ್ಯುವಾಗ

ಎಲ್ಲ ಪಶುವೈದ್ಯರೂ ಆಮೆ ನೋಡುವುದಿಲ್ಲ, ಫೋನಿನಲ್ಲೇ "ಸರೀಸೃಪ ನೋಡುತ್ತೀರಾ?" ಎಂದು ಕೇಳಿಕೊಳ್ಳಿ. ಗಾಳಿಯಾಡುವ ಡಬ್ಬದಲ್ಲಿ ಒದ್ದೆ ಟವೆಲ್ ಹಾಸಿ, ನೀರಿಲ್ಲದೆ ಒಯ್ಯಿರಿ. ದಾರಿಯಲ್ಲಿ ನೀರು ಕುಲುಕಿದರೆ ಸುಸ್ತಾದ ಆಮೆ ಕುಡಿದುಬಿಡುತ್ತದೆ. ಟ್ಯಾಕ್ಸಿಯ ಎಸಿ ಗಾಳಿ ಡಬ್ಬಕ್ಕೆ ನೇರ ಹೊಡೆಯದಿರಲಿ. ಜೊತೆಗೆ ತೂಕದ ಚೀಟಿ, ನೀರಿನ ಉಷ್ಣಾಂಶ, ಯುವಿಬಿ ಟ್ಯೂಬ್ ಹಾಕಿದ ದಿನಾಂಕ, ತಿನ್ನಿಸುವ ಪೆಲೆಟ್ಟಿನ ಡಬ್ಬದ ಫೋಟೋ, ಆ ಮೊಬೈಲ್ ವಿಡಿಯೋ. ವೈದ್ಯರು ಕೇಳುವ ಮೊದಲ ಪ್ರಶ್ನೆಗಳಿಗೆ ಇದರಲ್ಲೇ ಉತ್ತರ ಸಿಗುತ್ತದೆ.

ಖರ್ಚು ನೋಡಿ ಸಾಕಾಯಿತೆಂದು ಕೆರೆಗೋ ಕಾಲುವೆಗೋ ಬಿಟ್ಟು ಬರುವವರೂ ಇದ್ದಾರೆ. ಸಾಕುಪ್ರಾಣಿಯನ್ನು ಹಾಗೆ ಬಿಡುವುದು ಸಿಂಗಪುರದಲ್ಲಿ ಅಪರಾಧ. ಮನೆಯಲ್ಲಿ ಬೆಳೆದ ಆಮೆ ಅಲ್ಲಿ ಬದುಕುವ ಭರವಸೆಯೂ ಇಲ್ಲ, ಬದುಕಿದರೂ ತನ್ನ ಸೋಂಕನ್ನು ಕಾಡಿನ ಆಮೆಗಳಿಗೆ ಹಂಚುತ್ತದೆ. ಮಾಂಸಕ್ಕೆ, ಔಷಧಿಗೆ, ಸಾಕಲಿಕ್ಕೆ ಹಿಡಿದು ಹಿಡಿದು ಈ ಜಾತಿ ಕಾಡಿನಲ್ಲಿ ವಿರಳವಾಗಿದೆ. 2000ದಿಂದ ವನ್ಯಜೀವಿಗಳ ವ್ಯಾಪಾರವನ್ನು ದೇಶದೇಶಗಳ ನಡುವೆ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿರುವುದು ಅದಕ್ಕೇ. ವರ್ಗವಾಗಿ ಊರಿಗೆ ಮರಳುವಾಗ ಸೂಟ್‌ಕೇಸಿನಲ್ಲಿ ತರುವುದೂ ಇದೇ ಕಾರಣಕ್ಕೆ ಕಾನೂನುಬಾಹಿರ, ಪರವಾನಗಿ ಬೇಕು. ಸಾಕಲಾಗದಿದ್ದರೆ ಸಾಕಬಲ್ಲವರನ್ನು ಹುಡುಕಿ, ಮೇಲಿನ ತೂಕದ ಪಟ್ಟಿಯ ಸಮೇತ ಒಪ್ಪಿಸಿ.